ಎಡಕ್ಕೇ ತಿರುಗುತ್ತಿದ್ದ ಡೋಜರ್

ಮಾಗಡಿ ರಸ್ತೆಯ ನಮ್ಮ ಶೆಡ್ಡಿಗೆ ಆ ಚೈನ್ ಡೋಜರ್ ಲಾರಿಯ ಮೇಲೆ ಬಂದಿಳಿದಾಗ ಅದರ ಚಾಲಕ ಹೇಳಿದ್ದು ಇಷ್ಟೇ: "ಖಾಲಿ ಓಡಿಸಿದರೆ ನೆಟ್ಟಗೆ ಹೋಗುತ್ತದೆ ಸಾರ್. ಬ್ಲೇಡಿಗೆ ಮಣ್ಣು ತುಂಬಿದರೆ ಎಡಕ್ಕೆ ತಿರುಗಿಕೊಳ್ಳುತ್ತದೆ." ನಮ್ಮ ಕಡೆ ಡೋಜರ್ ಎಂದರೆ ಕೆಜಿಎಫ್‌ನಲ್ಲಿ ತಯಾರಾದ ಬಿಇಎಂಎಲ್ ಯಂತ್ರವೇ ಕಣ್ಣಿಗೆ ಬರುತ್ತದೆ. ಇದು 1964ರಲ್ಲಿ ಆ ಕಂಪನಿ ಹುಟ್ಟುವುದಕ್ಕೂ ಮೊದಲಿನ ವಿದೇಶಿ ಯಂತ್ರ, ಒಣ ಸ್ಟಿಯರಿಂಗ್ ಕ್ಲಚ್ಚಿನದು. ಚೈನಿಗೊಂದರಂತೆ ಎರಡು ಕ್ಲಚ್; ಯಾವ ಕಡೆಯದನ್ನು ಲಿವರ್ ಎಳೆದು ಬಿಡಿಸಿದರೆ ಆ ಚೈನಿಗೆ ಶಕ್ತಿ ತಪ್ಪಿ ಯಂತ್ರ ಅತ್ತ ತಿರುಗುತ್ತದೆ.

ಎಡಗಡೆಯ ಕ್ಲಚ್ ಪ್ಲೇಟ್ ಸವೆದಿದೆ ಎಂದು ನಿಂತಲ್ಲೇ ತೀರ್ಪು ಕೊಟ್ಟೆ. ಸೀಟು, ಡೀಸೆಲ್ ಟ್ಯಾಂಕ್ ಇಳಿಸಿ, ಮೂರು ದಿನ ಬೆವರು ಸುರಿಸಿ ಹೊಸ ಪ್ಲೇಟ್ ಹಾಕಿದೆವು. ಯಂತ್ರ ಕೆರೆಯ ಹೂಳೆತ್ತುವ ಕೆಲಸಕ್ಕೆ ಹೋಯಿತು. ಒಂಬತ್ತನೆಯ ದಿನ ಫೋನ್ ಬಂತು: ಮತ್ತೆ ಎಡಕ್ಕೇ.

ಈ ಸಲ ನಮ್ಮ ಹಿರಿಯ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಬ್ಲೇಡನ್ನು ಗಟ್ಟಿ ದಿಬ್ಬಕ್ಕೆ ಆನಿಸಿ ಮೊದಲ ಗಿಯರಿನಲ್ಲಿ ತಳ್ಳಲು ಹೇಳಿ, ಹಿಂದೆ ನಿಂತು ಎರಡೂ ಕಡೆಯ ಸ್ಪ್ರಾಕೆಟ್, ಅಂದರೆ ಚೈನನ್ನು ಎಳೆಯುವ ಹಲ್ಲಿನ ಚಕ್ರ, ನೋಡಿದರು. ಬಲಗಡೆಯದು ತಿರುಗುತ್ತಿತ್ತು, ಎಡಗಡೆಯದು ನಿಂತಿತ್ತು. "ಎರಡೂ ನಿಂತು ಎಂಜಿನ್ ಮಾತ್ರ ಹಾಯಾಗಿ ಓಡುತ್ತಿದ್ದರೆ ಮುಖ್ಯ ಕ್ಲಚ್ಚನ್ನೋ ಗಿಯರ್ ಪೆಟ್ಟಿಗೆಯನ್ನೋ ಹುಡುಕು. ಒಂದೇ ನಿಂತರೆ ಬೆವೆಲ್ ಗಿಯರ್ ದಾಟಿದ ಮೇಲಿನ ರೋಗ" ಎಂದರು. ಗಿಯರ್ ಪೆಟ್ಟಿಗೆಯಿಂದ ಬಂದ ಶಕ್ತಿಯನ್ನು ಎಡಬಲಕ್ಕೆ ತಿರುಗಿಸುವುದು ಈ ಬೆವೆಲ್ ಗಿಯರ್. ಇಂಥ ಯಂತ್ರದಲ್ಲಿ ಕಾರಿನ ಹಾಗೆ ಎರಡು ಕಡೆಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಬೆವೆಲ್ ಗಿಯರಿನ ಶಾಫ್ಟ್ ಒಂದೇ, ಅದರ ಎರಡು ತುದಿಗೆ ಎರಡು ಕ್ಲಚ್, ಆಚೆಗೆ ಸ್ಪ್ರಾಕೆಟ್ ತಿರುಗಿಸುವ ಕೊನೆಯ ಗಿಯರುಗಳು, ಫೈನಲ್ ಡ್ರೈವ್. (ಅದಕ್ಕೇ ಇಳಿಜಾರಿನಲ್ಲಿ ಬ್ರೇಕ್ ಒತ್ತದೆ ಎಡ ಲಿವರ್ ಎಳೆದರೆ ಎಂಜಿನ್ನಿನ ಹಿಡಿತ ತಪ್ಪಿದ ಎಡ ಚೈನ್ ಮುಂದೆ ಓಡಿ, ಯಂತ್ರ ಬಲಕ್ಕೆ ತಿರುಗಿ ಹೊಸ ಚಾಲಕನ ಜೀವ ಬಾಯಿಗೆ ತರುತ್ತದೆ.)

ಆಮೇಲೆ ಲಿವರಿನ ಸಡಿಲ, ಅಂದರೆ ಎಳೆದಾಗ ಮೊದಲು ಸಿಗುವ ಖಾಲಿ ಚಲನೆ, ನೋಡಿದರು. ಸಡಿಲವೇ ಇಲ್ಲದಿದ್ದರೆ ಕ್ಲಚ್ ಪೂರ್ತಿ ಕೂರದೆ ಇದೇ ಲಕ್ಷಣ ತೋರಿಸುತ್ತದೆ. ಅದು ಸರಿಯಾಗಿತ್ತು, ನನ್ನ ಮರ್ಯಾದೆ ಅಷ್ಟಾದರೂ ಉಳಿಯಿತು.

ಕೊನೆಗೆ ಹಳೆಯ ಗೋಣಿಚೀಲ ಹಾಸಿಕೊಂಡು ಹೊಟ್ಟೆಯಡಿಗೆ ತೂರಿ, ಎಡ ಕ್ಲಚ್ ಕೋಣೆಯ ಡ್ರೈನ್ ಪ್ಲಗ್ ಬಿಚ್ಚಿದರು. ಟೀ ಲೋಟದಷ್ಟು ಎಣ್ಣೆ ಕಪ್ಪಗೆ ಇಳಿಯಿತು. ಬೆರಳಿಗೆ ಹಚ್ಚಿ ಮೂಸಿ ನನ್ನ ಮೂಗಿನ ಹತ್ತಿರ ಹಿಡಿದರು. ಗಿಯರ್ ಎಣ್ಣೆಯ ಗಂಧಕದ ಘಾಟು. "ಒಣಗಿರಬೇಕಾದ ಕೋಣೆಯಲ್ಲಿ ಇದಕ್ಕೇನು ಕೆಲಸ?"

ಎಣ್ಣೆ ಕ್ಲಚ್ಚಿನ ಕಡೆ ಬರದಂತೆ ತಡೆಯುವ ಬೆವೆಲ್ ಶಾಫ್ಟಿನ ಸೀಲ್ ಸೋರುತ್ತಿತ್ತು. ಪ್ಲೇಟುಗಳು ಎಣ್ಣೆಯಲ್ಲಿ ನೆನೆದು ಜಾರುತ್ತಿದ್ದವು. ನಾನು ಹಾಕಿದ ಹೊಸವೂ ನೆನೆದವು. ಮೊದಲ ಸಲ ಬಿಚ್ಚಿದಾಗ ಹಳೆಯ ಪ್ಲೇಟ್ ಜಿಡ್ಡಾಗಿದ್ದದ್ದನ್ನು ನೋಡಿಯೂ ಹಳೆಯ ಯಂತ್ರ ಅಲ್ಲವೇ, ಎಲ್ಲೆಲ್ಲೂ ಜಿಡ್ಡಿರುತ್ತದೆ ಎಂದು ಬಟ್ಟೆಯಿಂದ ಒರೆಸಿ ಸುಮ್ಮನಾಗಿದ್ದೆ. ಗಿಯರ್ ಪೆಟ್ಟಿಗೆಯ ಎಣ್ಣೆ ಕಡಿಮೆಯಾಗುತ್ತಿದೆಯೇ ಎಂದು ಚಾಲಕನನ್ನು ಕೇಳಿರಲೂ ಇಲ್ಲ. ಆಗ ಕೇಳಿದೆ. "ವಾರಕ್ಕೊಮ್ಮೆ ಹಾಕುತ್ತಲೇ ಇದ್ದೇವಲ್ಲ ಸಾರ್" ಎಂದ.

ಮತ್ತೆ ಸೀಟು, ಮತ್ತೆ ಟ್ಯಾಂಕ್. ಬಿಚ್ಚಿದ ಮೇಲೆ ಬಲಗಡೆಯ ಸೀಲನ್ನೂ ಬದಲಿಸಿದೆವು. ಎರಡನೆಯ ಸಲದ ಕೂಲಿಯನ್ನು ಬಿಲ್ಲಿನಲ್ಲಿ ಬರೆಯಲು ಕೈ ಬರಲಿಲ್ಲ. ಸೀಲಿನ ದುಡ್ಡು ಮಾತ್ರ ಪಡೆದೆ. ಪ್ಲೇಟಿನ ಬೆಲೆಯ ಮುಂದೆ ಅದು ಚಿಲ್ಲರೆ.