ಬೇಯದ ಎರಡು ಕಲ್ಲು

12 ಜುಲೈ 2024, ಶುಕ್ರವಾರ

ಬೆಳಿಗ್ಗೆ ಕುಲುಮೆಯ ಬಾಗಿಲು ತೆಗೆದಾಗಲೇ ಮೂರನೆಯ ತುಂಡು ಕೈಕೊಟ್ಟಿದೆ ಎಂದು ಗೊತ್ತಾಯಿತು. ನಿನ್ನೆಯವರೆಗೆ ಕಾಡಿಗೆಯಂತಿದ್ದ ಕಲ್ಲು ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. 450 ಡಿಗ್ರಿಯ ಕಾವಿಗೆ ಒಳಗಿನ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಪ್ಪು ಕಬ್ಬಿಣದ ಖನಿಜ ಗಾಳಿಯ ಆಮ್ಲಜನಕ ಹೀರಿ ಹೆಮಟೈಟ್ ಎಂಬ ಕೆಂಪು ಖನಿಜವಾಗಿದೆ. ಇನ್ನು ಅದು ಹಳೆಯ ಭೂಕಾಂತಕ್ಷೇತ್ರದ ಬಗ್ಗೆ ಏನು ಹೇಳಿದರೂ ನಂಬುವಂತಿಲ್ಲ.

ಎಂಟು ತುಂಡುಗಳೂ ವಿಜಯಪುರ ಜಿಲ್ಲೆಯ ಒಂದೇ ಲಾವಾ ಹರಿವಿನವು. ಗೋಲಗುಮ್ಮಟಕ್ಕೆ ಬಳಸಿದ್ದು ಇದೇ ಬಗೆಯ ಕರಿಕಲ್ಲು. ಅಲ್ಲಿನ ಎರೆಮಣ್ಣು ಇದು ಸವೆದು ಆದದ್ದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭಾರತವಿನ್ನೂ ಸಮಭಾಜಕ ವೃತ್ತದ ದಕ್ಷಿಣಕ್ಕಿದ್ದಾಗ, ಈ ಲಾವಾ ಆರುತ್ತ 580 ಡಿಗ್ರಿಗಿಂತ ಕೆಳಗಿಳಿದಂತೆ ಮ್ಯಾಗ್ನೆಟೈಟ್ ಕಣಗಳು ಅಂದಿನ ಭೂಕಾಂತಕ್ಷೇತ್ರದ ಗುರುತನ್ನು ಹಿಡಿದಿಟ್ಟುಕೊಂಡವು. ದಿಕ್ಕನ್ನು ಓದುವುದು ಅಷ್ಟು ಕಷ್ಟವಲ್ಲ, 1950ರ ದಶಕದಲ್ಲೇ ದಖ್ಖನ್ ಕಲ್ಲುಗಳಲ್ಲಿ ಓದಿದ್ದರು. ಕ್ಷೇತ್ರ ಎಷ್ಟು ಬಲವಾಗಿತ್ತು ಎಂಬುದೇ ತಲೆನೋವು. ಒಂದೊಂದು ಕಲ್ಲಿನ ಹಸಿವು ಒಂದೊಂದು ಬಗೆ. ಅದೇ ಕ್ಷೇತ್ರದಲ್ಲಿ ಒಂದು ಹೆಚ್ಚು ಉಣ್ಣುತ್ತದೆ, ಪಕ್ಕದ್ದು ಕಡಿಮೆ.

ಆದ್ದರಿಂದ ಹಸಿವನ್ನೇ ಮೊದಲು ಅಳೆಯಬೇಕು. ಫ್ರಾನ್ಸಿನ ಎಮಿಲ್ ಮತ್ತು ಓಡೆಟ್ ಟೆಲ್ಲಿಯೆ ದಂಪತಿ 1959ರಲ್ಲಿ ವಿವರಿಸಿದ ದಾರಿಯೇ, ತುಸು ಬದಲಾದ ರೂಪದಲ್ಲಿ, ನಮ್ಮದೂ. ಒಂದೊಂದು ಉಷ್ಣತೆಗೂ ಎರಡೆರಡು ಸಲ ಕಾಯಿಸಬೇಕು. ಮೊದಲ ಸಲ ಕ್ಷೇತ್ರವೇ ಇಲ್ಲದ ಕಡೆ ಆರಿಸಿ, ಹಳೆಯ ಕಾಂತತ್ವ ಎಷ್ಟು ಹೋಯಿತು ಎಂದು ನೋಡಬೇಕು. ಎರಡನೆಯ ಸಲ ನಾವೇ ಕೊಟ್ಟ 40 ಮೈಕ್ರೊಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಕ್ಷೇತ್ರದಲ್ಲಿ ಆರಿಸಿ, ಹೊಸದಾಗಿ ಎಷ್ಟು ಬಂತು ಎಂದು ನೋಡಬೇಕು. (ಇಂದಿನ ಬೆಂಗಳೂರಿನ ಭೂಕ್ಷೇತ್ರವೂ ಹೆಚ್ಚುಕಡಿಮೆ ಅಷ್ಟೇ.) ಹೋದದ್ದನ್ನು ಬಂದದ್ದರಿಂದ ಭಾಗಿಸಿ 40ರಿಂದ ಗುಣಿಸಿದರೆ ಅಂದಿನ ಬಲ ಸಿಗುತ್ತದೆ. ಹೇಳುವುದು ಎಷ್ಟು ಸುಲಭ! ಹದಿನೈದು ದಿನಗಳಿಂದ ಕುಲುಮೆಯ ಮುಂದೆ ಕೂತಿದ್ದೇನೆ.

ನಡುನಡುವೆ ಹಿಂದಿನ ಉಷ್ಣತೆಗೆ ಮರಳಿ ಪರೀಕ್ಷಿಸುತ್ತೇವೆ. ಮೊದಲಿನಷ್ಟೇ ಕಾಂತತ್ವ ಬರದಿದ್ದರೆ ಕಲ್ಲು ಬದಲಾಗಿದೆ ಎಂದರ್ಥ. ಕೆಂಪಾದದ್ದೂ ಸೇರಿ ನಾಲ್ಕು ತುಂಡುಗಳು ಅಲ್ಲೇ ಬಿದ್ದುಹೋದವು. ಇನ್ನೆರಡರಲ್ಲಿ ಹೋದದ್ದಕ್ಕೂ ಬಂದದ್ದಕ್ಕೂ ಎಳೆದ ಗ್ರಾಫ್ ನೇರ ಗೆರೆಯಾಗುವ ಬದಲು ಬಟ್ಟೆ ಒಣಹಾಕಿದ ಹಗ್ಗದಂತೆ ಜೋತುಬಿದ್ದಿದೆ. ಅವುಗಳ ಕಾಂತಕಣಗಳು ದಪ್ಪ, ಅದಕ್ಕೇ ಹೀಗೆ. ಮೊದಲ ಕೆಲವು ಬಿಂದುಗಳನ್ನಷ್ಟೇ ಇಟ್ಟುಕೊಂಡರೆ ಅದೂ ನೇರವಾಗಿಯೇ ಕಾಣುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಆ ಆಸೆ ಕಾಡಿತು. ಹಾಗೆ ಮಾಡಿದರೆ ಬಲ ಇದ್ದದ್ದಕ್ಕಿಂತ ಹೆಚ್ಚಾಗಿ ಬರುತ್ತದೆ. ಹವಾಯಿಯ ಕಿಲಾವೆಯಾ ಜ್ವಾಲಾಮುಖಿಯಲ್ಲಿ 1960ರಲ್ಲಿ ಹರಿದ ಲಾವಾದ ಉತ್ತರ ಎಲ್ಲರಿಗೂ ಮೊದಲೇ ಗೊತ್ತು, ಸುಮಾರು 36 ಮೈಕ್ರೊಟೆಸ್ಲಾ. ಆದರೂ ಅದರ ಕೆಲವು ತುಂಡುಗಳು 50ರ ಹತ್ತಿರ ಹೇಳಿ ಒಳ್ಳೊಳ್ಳೆಯವರನ್ನೇ ದಿಕ್ಕುತಪ್ಪಿಸಿವೆ. ಎರಡನ್ನೂ ಕೈಬಿಟ್ಟೆ.

ಉಳಿದದ್ದು ಎರಡು. ಅವುಗಳ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ನಾಲ್ಕಾರು ತುಂಡುಗಳು ಅದನ್ನೇ ಹೇಳಲಿ.

ರಾತ್ರಿ ಅಮ್ಮ ಫೋನಿನಲ್ಲಿ, "ಹದಿನೈದು ದಿನ ಹುರಿದರೂ ಎರಡೇ ಕಲ್ಲು ಬೆಂದವೇನೋ?" ಎಂದು ನಕ್ಕಳು.

"ಬೆಂದದ್ದು ಆರಮ್ಮ. ಬೇಯದೆ ಉಳಿದದ್ದು ಎರಡು."