ಡೋರೇಮಾನ್ ಯಾವತ್ತಾದರೂ ಮುಗಿಯಬೇಕೆ?

ಮಕ್ಕಳ ಕಾರ್ಟೂನುಗಳ ಬಗ್ಗೆ ಬರೆಯುವವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: “ಈ ಡೋರೇಮಾನ್‌ಗೆ ಕೊನೆ ಅಂತ ಇಲ್ಲವಾ?” ಡೋರೇಮಾನ್ ಅಂದರೆ ನೋಬಿತಾ ಎಂಬ ಹುಡುಗನ ನೆರವಿಗೆ ಭವಿಷ್ಯದಿಂದ ಬಂದ, ಜೇಬಿನಿಂದ ಬಗೆಬಗೆಯ ಸಾಧನ ತೆಗೆಯುವ ರೋಬೋ ಬೆಕ್ಕು. ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ತಂದೆತಾಯಂದಿರು. ಅವರು ಚಿಕ್ಕವರಿದ್ದಾಗ ಐದನೇ ಕ್ಲಾಸಿನಲ್ಲಿದ್ದ ನೋಬಿತಾ, ಈಗ ಅವರ ಮಕ್ಕಳು ಟಿವಿ ಮುಂದೆ ಕೂತಾಗಲೂ ಐದನೇ ಕ್ಲಾಸಿನಲ್ಲೇ ಸೊನ್ನೆ ಅಂಕ ತೆಗೆಯುತ್ತಿದ್ದಾನೆ. ಇಷ್ಟು ಎಳೆಯುವ ಬದಲು ಚೆಂದದ ಮುಕ್ತಾಯ ಕೊಟ್ಟು ನಿಲ್ಲಿಸಬಾರದೇ ಎನ್ನುವುದು ಅವರ ವಾದ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಡೋರೇಮಾನ್ ನಿಲ್ಲಬೇಕಾಗಿಲ್ಲ. ಇದೇ ಥರ ವರ್ಷಗಟ್ಟಲೆ ನಡೆಯುತ್ತಿರುವ ಇನ್ನೊಂದು ಜಪಾನಿ ಕಾರ್ಟೂನು ಡಿಟೆಕ್ಟಿವ್ ಕೊನನ್ ನಿಲ್ಲಲೇಬೇಕು. ಪೋಕೆಮಾನ್ 2023ರಲ್ಲಿ ಮಾಡಿದ್ದು ಸರಿ, ಆದರೆ ಬಹಳ ತಡ. ಮೂರನ್ನೂ ಅಳೆಯುವ ಗಜಕಡ್ಡಿ ಒಂದೇ: ಮೊದಲ ಕಂತಿನಲ್ಲಿ ಮಗುವಿಗೆ ಕೊಟ್ಟ ಮಾತೇನು, ಅದನ್ನು ಆ ಮಗು ಮಗುವಾಗಿರುವಾಗಲೇ ನಡೆಸಿಕೊಟ್ಟರೇ?

ಮೊದಲು ಒಂದು ಗೊಂದಲ ಬಗೆಹರಿಸಬೇಕು. ಡೋರೇಮಾನ್‌ನ ಕೊನೇ ಕಂತು ಯೂಟ್ಯೂಬಿನಲ್ಲಿ ನೋಡಿದ್ದೇವೆ ಅನ್ನುವವರು ಬಹಳ. ಹಾಗೆ ಓಡಾಡುವ ಕಥೆಗಳು ಮುಖ್ಯವಾಗಿ ಎರಡು. ಒಂದರಲ್ಲಿ ನೋಬಿತಾ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದಾನೆ, ಡೋರೇಮಾನ್ ಅವನು ಕಂಡ ಕನಸು. ಇದು ಬರೀ ಪುಕಾರು, ಮೂಲದಲ್ಲಿ ಇಂಥ ಕಥೆಯೇ ಇಲ್ಲ. ಇನ್ನೊಂದರಲ್ಲಿ ಡೋರೇಮಾನ್‌ನ ಬ್ಯಾಟರಿ ಸತ್ತು ಹೋಗುತ್ತದೆ, ಬದಲಿಸಿದರೆ ನೆನಪೆಲ್ಲ ಅಳಿಸಿಹೋಗುತ್ತದೆ, ನೋಬಿತಾ ದೊಡ್ಡವನಾಗಿ ಎಂಜಿನಿಯರ್ ಆಗಿ ಅವನನ್ನು ಮತ್ತೆ ಎಬ್ಬಿಸುತ್ತಾನೆ. ಇದು ಅಭಿಮಾನಿಯೊಬ್ಬರು 2005ರಲ್ಲಿ ಬರೆದು ಮಾರಿದ ಪುಸ್ತಿಕೆ. ಪ್ರಕಾಶಕರು ಆಕ್ಷೇಪ ಎತ್ತಿ 2007ರ ಹೊತ್ತಿಗೆ ಮಾರಾಟ ನಿಲ್ಲಿಸಿದರು. ಕಣ್ಣು ತುಂಬಿಸುವ ಕಥೆ, ನಿಜ. ಮೂಲ ಲೇಖಕರದ್ದು ಮಾತ್ರ ಅಲ್ಲ.

ಮೂಲ ಲೇಖಕರಾದ ಫುಜಿಕೊ ಎಫ್. ಫುಜಿಯೊ ಬರೆದ ಮುಕ್ತಾಯಗಳು ಬೇರೆಯೇ ಇವೆ. ಒಂದಲ್ಲ, ಮೂರು. ಯಾಕೆ ಮೂರು ಅನ್ನುವುದರಲ್ಲೇ ಈ ಇಡೀ ಪ್ರಶ್ನೆಗೆ ಉತ್ತರ ಇದೆ.

ಡೋರೇಮಾನ್ ಶುರುವಾದದ್ದು ಪುಸ್ತಕವಾಗಿ ಅಲ್ಲ, ಟಿವಿಯಲ್ಲೂ ಅಲ್ಲ. ಶೋಗಾಕುಕಾನ್ ಪ್ರಕಾಶನ ಜಪಾನಿನಲ್ಲಿ ಒಂದೊಂದು ತರಗತಿಯ ಮಕ್ಕಳಿಗೂ ಒಂದೊಂದು ಮಾಸಪತ್ರಿಕೆ ತರುತ್ತಿತ್ತು: ಒಂದನೇ ಕ್ಲಾಸಿನವರಿಗೆ ಒಂದು, ಎರಡನೆಯದಕ್ಕೆ ಇನ್ನೊಂದು, ಹೀಗೆ. 1970ರ ಜನವರಿ ಸಂಚಿಕೆಯಿಂದ ಶಿಶುವಿಹಾರದ ಮಕ್ಕಳಿಂದ ಹಿಡಿದು ನಾಲ್ಕನೇ ಕ್ಲಾಸಿನವರೆಗಿನ ಆರು ಪತ್ರಿಕೆಗಳಲ್ಲಿ ಡೋರೇಮಾನ್ ಒಟ್ಟಿಗೆ ಬಂದ, ಪ್ರತಿ ಪತ್ರಿಕೆಗೂ ಬೇರೆ ಕಥೆ. ಜಪಾನಿನಲ್ಲಿ ಶಾಲೆಯ ವರ್ಷ ಮುಗಿಯುವುದು ಮಾರ್ಚಿನಲ್ಲಿ. ನಾಲ್ಕನೇ ಕ್ಲಾಸು ದಾಟಿದ ಮಗು ಐದನೆಯದರ ಪತ್ರಿಕೆಗೆ ಹೋದರೆ ಅಲ್ಲಿ ಆಗ ಡೋರೇಮಾನ್ ಇರಲಿಲ್ಲ. ಅಂದರೆ ಆ ಓದುಗರ ಮಟ್ಟಿಗೆ ಮಾರ್ಚ್ ಸಂಚಿಕೆಯೇ ಕಡೆಯ ಭೇಟಿ. ಅದಕ್ಕಾಗಿಯೇ ಫುಜಿಕೊ 1971ರ ಮಾರ್ಚಿನಲ್ಲಿ ನಾಲ್ಕನೇ ಕ್ಲಾಸಿನವರಿಗೆ ಒಂದು ವಿದಾಯ ಬರೆದರು: ಭವಿಷ್ಯದಿಂದ ಬರುವ ಪ್ರವಾಸಿಗರ ಕಾಟ ತಡೆಯಲಾಗದೆ ಕಾಲಯಾನವನ್ನೇ ನಿಷೇಧಿಸುತ್ತಾರೆ, ಡೋರೇಮಾನ್ ವಾಪಸಾಗಬೇಕಾಗುತ್ತದೆ. ಮರುವರ್ಷದ ಮಾರ್ಚಿಗೆ ಮುಂದಿನ ತಂಡದ ಮಕ್ಕಳಿಗೆ ಇನ್ನೊಂದು: ನೋಬಿತಾ ತನ್ನ ಕಾಲ ಮೇಲೆ ನಿಲ್ಲಲಿ ಎಂದು ಡೋರೇಮಾನ್ ಕೆಟ್ಟುಹೋದಂತೆ ನಟಿಸಿ ಹೊರಡುತ್ತಾನೆ. ಅದೇ ತಿಂಗಳು ಉಳಿದ ತರಗತಿಗಳ ಪತ್ರಿಕೆಗಳಲ್ಲಿ ಡೋರೇಮಾನ್ ಎಂದಿನಂತೆ ಜೇಬಿನಿಂದ ಸಾಮಾನು ತೆಗೆಯುತ್ತಲೇ ಇದ್ದ.

ಕಥೆ ಮುಗಿಯಲಿಲ್ಲ, ಆ ಮಕ್ಕಳಿಗೆ ಮುಕ್ತಾಯ ಸಿಕ್ಕಿತು. ಇಷ್ಟು ಸೂಕ್ಷ್ಮವಾಗಿ ಮಕ್ಕಳನ್ನು ನಡೆಸಿಕೊಂಡ ಇನ್ನೊಂದು ಉದಾಹರಣೆ ಈ ಕ್ಷೇತ್ರದಲ್ಲಿ ನನಗೆ ಕಾಣುವುದಿಲ್ಲ.

ಮೂರನೆಯದು ಎಲ್ಲರಿಗೂ ಗೊತ್ತಿರುವುದು. 1974ರ ಮಾರ್ಚ್, ಮೂರನೇ ಕ್ಲಾಸಿನ ಪತ್ರಿಕೆ. ಡೋರೇಮಾನ್ ಹೊರಡುವ ಹಿಂದಿನ ರಾತ್ರಿ ನೋಬಿತಾ ಯಾವ ಸಾಧನದ ನೆರವೂ ಇಲ್ಲದೆ, ತನ್ನನ್ನು ಸದಾ ಹೊಡೆಯುವ ಪುಂಡ ಹುಡುಗ ಜಿಯಾನ್ ಜೊತೆ ಹೊಡೆದಾಡುತ್ತಾನೆ. ಎಷ್ಟು ಏಟು ತಿಂದರೂ ಬಿಡುವುದಿಲ್ಲ, ಕೊನೆಗೆ ಜಿಯಾನೇ ಸೋತೆ ಅನ್ನುತ್ತಾನೆ. ನೋಬಿತಾ ಇಷ್ಟೆಲ್ಲ ಮಾಡಿದ್ದು, ಇನ್ನು ನಾನೊಬ್ಬನೇ ಇರಬಲ್ಲೆ, ನೀನು ನಿಶ್ಚಿಂತೆಯಿಂದ ಹೋಗು ಎಂದು ಗೆಳೆಯನಿಗೆ ತೋರಿಸಲು. ಮರುತಿಂಗಳು ಅದೇ ಮಕ್ಕಳು ನಾಲ್ಕನೇ ಕ್ಲಾಸಿನ ಪತ್ರಿಕೆ ತೆರೆದರೆ ಅಲ್ಲಿ ಡೋರೇಮಾನ್ ಮರಳಿ ಬರುವ ಕಥೆ! ಕುಡಿದವರು ಆಡಿದ್ದೆಲ್ಲ ಸುಳ್ಳಾಗುವ ಔಷಧಿ ಕುಡಿದು ನೋಬಿತಾ, ಡೋರೇಮಾನ್ ಇನ್ನು ಬರುವುದೇ ಇಲ್ಲ ಅನ್ನುತ್ತಾನೆ. ಬರುತ್ತಾನೆ. 45 ಸಂಪುಟಗಳ ಪುಸ್ತಕಮಾಲೆಯಲ್ಲಿ ವಿದಾಯ ಆರನೇ ಸಂಪುಟದ ಕಡೆಯ ಕಥೆ, ಮರಳಿ ಬರುವುದು ಏಳನೆಯದರ ಮೊದಲ ಕಥೆ. ಮೊದಲೆರಡು ವಿದಾಯಗಳು ಆ ಮಾಲೆಯಲ್ಲಿಲ್ಲ.

“ಆದರೆ ಮೊದಲ ಕಂತಿನ ಮಾತು?” ಅಂತ ಕೇಳಬಹುದು. ಡೋರೇಮಾನ್ ಬಂದದ್ದೇ ನೋಬಿತಾನ ಹಣೆಬರಹ ತಿದ್ದಲು. ಇಲ್ಲದಿದ್ದರೆ ಅವನು ಜಿಯಾನ್‌ನ ತಂಗಿಯನ್ನು ಮದುವೆಯಾಗಿ, ಕಂಪನಿ ಮುಳುಗಿಸಿ, ಮರಿಮಕ್ಕಳ ಕಾಲದವರೆಗೂ ಸಾಲ ಬಿಟ್ಟು ಹೋಗುತ್ತಿದ್ದ. ಈ ಮಾತನ್ನು ಫುಜಿಕೊ ನಡುವೆಯೇ ತೀರಿಸಿದ್ದಾರೆ. ಕಾಲಯಂತ್ರ ಇರುವ ಕಥೆಗೆ ಈ ಅನುಕೂಲ ಇದೆ: ಕೊನೆಯನ್ನು ಕೊನೆಯಲ್ಲೇ ಹೇಳಬೇಕೆಂದಿಲ್ಲ. 1981ರ ಒಂದು ಕಥೆಯಲ್ಲಿ ನೋಬಿತಾ ಮತ್ತು ಡೋರೇಮಾನ್, ನೋಬಿತಾನ ಗೆಳತಿ ಶಿಝುಕಾಳ ಮದುವೆಯ ಹಿಂದಿನ ದಿನಕ್ಕೆ ಹೋಗಿ, ಅಪ್ಪ ಮಗಳ ಮಾತು ಕೇಳಿಸಿಕೊಂಡು ಬರುತ್ತಾರೆ. ವರ ನೋಬಿತಾನೇ. ಹಾಗಾಗಿ ಇವತ್ತು ನೋಡುವ ಮಗುವಿಗೂ ಗೊತ್ತು, ಇವನು ಉದ್ಧಾರ ಆಗುತ್ತಾನೆ. ಉಳಿದದ್ದು ದಿನನಿತ್ಯದ ಪೇಚಾಟ. ಅಳುತ್ತ ಬರುವುದು, ಸಾಧನ ಸಿಗುವುದು, ಮಿತಿ ಮೀರುವುದು, ಪೆಟ್ಟು ತಿನ್ನುವುದು, ಎಲ್ಲವೂ ಹತ್ತು-ಹನ್ನೊಂದು ನಿಮಿಷದಲ್ಲಿ ಮುಗಿದು ಮತ್ತೆ ಮೊದಲಿನಂತೆ. ಇಂಥ ಕಥೆಯಲ್ಲಿ ಪ್ರತಿ ಕಂತಿಗೂ ಅದರದೇ ಮುಕ್ತಾಯ ಇದೆ.

ಕೊನನ್ ಹಾಗಲ್ಲ. 1996ರ ಜನವರಿಯಲ್ಲಿ ಟಿವಿಗೆ ಬಂದ ಈ ಸರಣಿಯ ಮೊದಲ ಕಂತಿನಲ್ಲಿ ಹದಿಹರೆಯದ ಪತ್ತೇದಾರನೊಬ್ಬ ವಿಷದಿಂದ ಪುಟ್ಟ ಹುಡುಗನಾಗುತ್ತಾನೆ. ಕಪ್ಪು ಬಟ್ಟೆಯ ತಂಡವನ್ನು ಹಿಡಿದು ಮೊದಲಿನ ಮೈ ಪಡೆಯುವುದು ಅವನ ಗುರಿ. 2021ರ ಮಾರ್ಚಿನಲ್ಲಿ ಸಾವಿರನೇ ಕಂತು ಬಂತು. ಕಥೆಯೊಳಗೆ ಒಂದು ವರ್ಷವೂ ಕಳೆದಿಲ್ಲ, ಆದರೆ ಪಾತ್ರಗಳ ಕೈಯಲ್ಲಿದ್ದ ಹಳೇ ಫೋನುಗಳು ಹೋಗಿ ಸ್ಮಾರ್ಟ್‌ಫೋನ್ ಬಂದಿವೆ. ಬಿಡಿ ಪ್ರಕರಣಗಳು ಸೊಗಸಾಗಿಯೇ ಇರುತ್ತವೆ. ಆದರೂ ಹತ್ತನೇ ವಯಸ್ಸಿನಲ್ಲಿ ನೋಡಲು ಶುರು ಮಾಡಿದವರಿಗೆ ಈಗ ನಲವತ್ತರ ಆಸುಪಾಸು, ಕೊಟ್ಟ ಮಾತು ಇನ್ನೂ ಬಾಕಿ. ಇದು ಸರಿಯಲ್ಲ.

ಪೋಕೆಮಾನ್ ಈ ಕಷ್ಟವನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 1997ರ ಏಪ್ರಿಲ್ 1ರಂದು ಹತ್ತು ವರ್ಷದ ಆ್ಯಶ್, ಪೋಕೆಮಾನ್ ಎಂಬ ವಿಚಿತ್ರ ಪ್ರಾಣಿಗಳನ್ನು ಹಿಡಿದು ಪಂದ್ಯಕ್ಕೆ ಪಳಗಿಸುವುದರಲ್ಲಿ ಮಾಸ್ಟರ್ ಆಗುತ್ತೇನೆಂದು ತನ್ನ ಪೋಕೆಮಾನ್ ಪಿಕಾಚು ಜೊತೆ ಮನೆ ಬಿಟ್ಟ. ಸರಣಿ ಇರುವುದು ವಿಡಿಯೊ ಗೇಮಿನ ಜೊತೆಜೊತೆಗೆ. ಕೆಲವು ವರ್ಷಕ್ಕೊಮ್ಮೆ ಹೊಸ ಗೇಮ್, ಹೊಸ ಪ್ರದೇಶ, ಹೊಸ ಪ್ರಾಣಿಗಳು. ಆಗೆಲ್ಲ ಆ್ಯಶ್ ಪಿಕಾಚು ಒಂದನ್ನು ಬಿಟ್ಟು ಉಳಿದ ತಂಡವನ್ನು ಹಿಂದೆ ಬಿಟ್ಟು ಹೊಸದಾಗಿ ಹೊರಡಬೇಕು. ಗೆದ್ದರೆ ಹೊರಡಲು ಕಾರಣ ಉಳಿಯುವುದಿಲ್ಲ, ಆದ್ದರಿಂದ ಪ್ರದೇಶದ ಕೊನೆಯ ದೊಡ್ಡ ಪಂದ್ಯಾವಳಿಯಲ್ಲಿ, ಅಂದರೆ ಲೀಗಿನಲ್ಲಿ, ಅವನು ಸೋಲಲೇಬೇಕು. ಕಾಂಟೊ, ಜೊಹ್ಟೊ, ಹೋಯೆನ್, ಸಿನ್ನೊ, ಯುನೋವಾ, ಕಾಲೋಸ್, ಆರೂ ಕಡೆ ಸೋತ. 2016ರಲ್ಲಿ ಕಾಲೋಸ್ ಫೈನಲ್ ಸೋತಾಗ ನೋಡುಗರಿಗೆ ಬಂದ ಸಿಟ್ಟು ನ್ಯಾಯವಾದದ್ದೇ, ಯಾಕೆಂದರೆ ಆ ಸೋಲು ಆಟದಿಂದ ಬಂದದ್ದಲ್ಲ, ಸರಣಿ ಮುಂದುವರಿಯಬೇಕೆಂಬ ಅಗತ್ಯದಿಂದ ಬಂದದ್ದು. ಮಕ್ಕಳಿಗೆ ಇದು ತಿಳಿಯುವುದಿಲ್ಲ ಅಂದುಕೊಳ್ಳುವುದು ದೊಡ್ಡವರ ತಪ್ಪು. ಮುಂದಿನ ಪ್ರದೇಶ ಅಲೋಲಾದಲ್ಲಿ ಅವನು ಮೊದಲ ಸಲ ಲೀಗ್ ಗೆದ್ದದ್ದು 2019ರಲ್ಲಿ, 22 ವರ್ಷದ ಮೇಲೆ. 2022ರ ನವೆಂಬರಿನಲ್ಲಿ ವಿಶ್ವ ಚಾಂಪಿಯನ್ ಆದ. ಆಮೇಲೆ 11 ಕಂತುಗಳ ಬೀಳ್ಕೊಡುಗೆ, 2023ರ ಮಾರ್ಚಿನಲ್ಲಿ ಮುಕ್ತಾಯ. ಏಪ್ರಿಲಿನಿಂದ ಲಿಕೊ ಮತ್ತು ರಾಯ್ ಎಂಬ ಹೊಸ ಮಕ್ಕಳು. ಲೋಕ ಉಳಿಯಿತು, ನಾಯಕ ಹೊರಟ. ಪ್ರಯಾಣದ ಕಥೆಗಳಿಗೆ ಇದೇ ಒಳ್ಳೆಯ ದಾರಿ. ಪ್ರತಿ ಪ್ರದೇಶಕ್ಕೂ ಹೀಗೆ ಒಬ್ಬೊಬ್ಬ ಹೊಸ ನಾಯಕನನ್ನು ತಂದಿದ್ದರೆ ಆರು ಸುಳ್ಳು ಸೋಲುಗಳು ಬೇಕಾಗುತ್ತಿರಲಿಲ್ಲ.

ಡೋರೇಮಾನ್ ನಿಲ್ಲಬೇಕಿಲ್ಲ ಎಂದ ಮಾತ್ರಕ್ಕೆ ಅದರ ವಯಸ್ಸು ತೊಂದರೆ ಕೊಡುವುದಿಲ್ಲ ಎಂದಲ್ಲ. ತೊಂದರೆ ಮೂರು ಕಡೆಯಿಂದ ಬರುತ್ತದೆ.

ಒಂದು, ಸರಕು. ಫುಜಿಕೊ ಬರೆದ ಕಥೆಗಳು 1,300ಕ್ಕೂ ಹೆಚ್ಚು. 1979ರ ಏಪ್ರಿಲಿನಿಂದ 2005ರ ಮಾರ್ಚಿನವರೆಗೆ ನಡೆದ ಟಿವಿ ಸರಣಿಯಲ್ಲಿ ಬಂದ ಕಥೆಗಳು 1,787. ಲೇಖಕರು 1996ರಲ್ಲಿ ತೀರಿಕೊಂಡರು. ಮೂಲದ ಸರಕು ಮುಗಿದ ಮೇಲೆ ಬರಹಗಾರರು ತಾವೇ ಹೊಸೆಯಬೇಕಾಗುತ್ತದೆ. ಆಗ ಸಾಮಾನ್ಯವಾಗಿ ಪಾತ್ರಗಳು ಒಂದೊಂದು ಗುಣಕ್ಕೆ ಕುಗ್ಗುತ್ತವೆ: ಜಿಯಾನ್ ಬರೀ ಹೊಡೆಯುವವನು, ಸುನಿಯೋ ಬರೀ ಜಂಬದವನು. 2005ರ ಏಪ್ರಿಲಿನಲ್ಲಿ ಸರಣಿಯನ್ನು ಹೊಸದಾಗಿ ಶುರು ಮಾಡಿದಾಗ ಮತ್ತೆ ಹಳೇ ಮೂಲ ಕಥೆಗಳಿಗೇ ಮರಳಿದ್ದು ಒಳ್ಳೆಯ ನಿರ್ಧಾರ.

ಎರಡು, ಕಾಲ. ಮೂಲದ ಒಂದು ಕಥೆಯಲ್ಲಿ ನೋಬಿತಾನ ಅಪ್ಪ, ಯುದ್ಧದ ಸಮಯದಲ್ಲಿ ಬಾಂಬಿಗೆ ಹೆದರಿ ಶಾಲಾಮಕ್ಕಳನ್ನು ಹಳ್ಳಿಗೆ ಸಾಗಿಸಿದಾಗ ತಾನು ಕಂಡ ಹುಡುಗಿಯೊಬ್ಬಳನ್ನು ನೆನೆಯುತ್ತಾನೆ. 1945ರ ಮಾತು. 1970ರಲ್ಲಿ ಹತ್ತು ವರ್ಷದ ಮಗನಿದ್ದವನಿಗೆ ಈ ನೆನಪು ಸಹಜ. ಇವತ್ತು ಹತ್ತು ವರ್ಷದ ಮಗ ಇರುವವನು ಹುಟ್ಟಿದ್ದೇ 1980ರ ಆಚೆ. ಹುಡುಗರು ಆಡುವ ಖಾಲಿ ಸೈಟು, ಅಲ್ಲಿ ಪೇರಿಸಿಟ್ಟ ಮೂರು ಸಿಮೆಂಟ್ ಪೈಪು, ಇವೂ ಟೋಕಿಯೊ ಮೈತುಂಬ ಕಟ್ಟಡ ಏಳುತ್ತಿದ್ದ ಕಾಲದವು. ಪೈಪು ಇದ್ದರೆ ನಡೆಯುತ್ತದೆ, ಮಕ್ಕಳಿಗೆ ಅದು ಬರೀ ಆಟದ ಜಾಗ. ಅಪ್ಪನ ಯುದ್ಧದ ನೆನಪನ್ನು ಹಾಗೇ ಇಡಲಾಗುವುದಿಲ್ಲ, ತೆಗೆದರೆ ಕಥೆಯ ಜೀವವೇ ಹೋಗುತ್ತದೆ. ಇಂಥ ಕಥೆಗಳನ್ನು ಹೊಸದಾಗಿ ಮಾಡದೆ ಹಳೆಯ ರೂಪದಲ್ಲೇ ಉಳಿಸುವುದು ಮೇಲು.

ಮೂರು, ದನಿ. ಜಪಾನಿನಲ್ಲಿ ಹುಡುಗರ ಪಾತ್ರಗಳಿಗೆ ಹೆಚ್ಚಾಗಿ ದೊಡ್ಡ ಹೆಂಗಸರೇ ಕಂಠದಾನ ಮಾಡುತ್ತಾರೆ. ದನಿ ಒಡೆಯುವ ಭಯ ಇಲ್ಲ, ದಶಕಗಟ್ಟಲೆ ನಡೆಯುತ್ತದೆ. ನೋಬುಯೊ ಓಯಾಮಾ 1979ರಿಂದ 2005ರವರೆಗೆ ಡೋರೇಮಾನ್ ಆಗಿದ್ದರು, ಬಿಡುವಾಗ 71 ವರ್ಷ. ಆಗ ಮುಖ್ಯ ಐದೂ ಪಾತ್ರಗಳ ದನಿಯನ್ನು ಒಟ್ಟಿಗೆ ಬದಲಿಸಿದರು, ಡೋರೇಮಾನ್‌ಗೆ ವಸಾಬಿ ಮಿಜುಟಾ ಬಂದರು. 26 ವರ್ಷ ಕೇಳಿದ ದನಿ ಒಮ್ಮೆಲೇ ಹೋದರೆ ದೊಡ್ಡವರಿಗೆ ಆಘಾತ. ನಾಲ್ಕು ವರ್ಷದ ಮಗುವಿಗೆ ಏನೂ ಅಲ್ಲ, ಅದು ಕೇಳುವ ಮೊದಲ ದನಿಯೇ ಅದು. ಒಬ್ಬೊಬ್ಬರನ್ನೇ ಬದಲಿಸಿದರೆ ಹಳೇ ದನಿ ಹೊಸ ದನಿ ಪಕ್ಕಪಕ್ಕ ನಿಂತು ವರ್ಷಗಟ್ಟಲೆ ಕಿವಿಗೆ ಕಿರಿಕಿರಿ ಆಗುತ್ತದೆ. ಒಟ್ಟಿಗೆ ಬದಲಿಸಿದ್ದೇ ಸರಿ.

ಹಳೆಯದನ್ನು ನಿಲ್ಲಿಸಿ ಹೊಸದು ಮಾಡಿ ಅನ್ನುವವರಿಗೆ ಒಂದು ಲೆಕ್ಕ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ. ಜಪಾನಿನ ಟಿವಿ ಕಾರ್ಟೂನಿನಲ್ಲಿ ಒಂದು ಚಿತ್ರವನ್ನು ಸಾಮಾನ್ಯವಾಗಿ ಮೂರು ಚೌಕಟ್ಟು ಹಿಡಿಯುತ್ತಾರೆ, ಅಂದರೆ ಸೆಕೆಂಡಿಗೆ ಎಂಟು ಚಿತ್ರ. 22 ನಿಮಿಷದ ಕಂತಿಗೆ 10,560 ಆಯಿತು. ಬಾಯಿ ಮಾತ್ರ ಅಲುಗುವ, ಮುಖ ಸುಮ್ಮನೆ ನಿಲ್ಲುವ ದೃಶ್ಯಗಳಿಂದ ಇದನ್ನು ಮೂರು-ನಾಲ್ಕು ಸಾವಿರಕ್ಕೆ ಇಳಿಸುತ್ತಾರೆ. ಹಳೇ ಸರಣಿಯಲ್ಲಿ ನೋಬಿತಾನ ಕೋಣೆ, ಮೇಜಿನ ಡ್ರಾಯರು, ಬೀದಿ, ಬಣ್ಣದ ಪಟ್ಟಿ ಎಲ್ಲ ತಯಾರಿದೆ. ಕಲಾವಿದರ ಕೈಗೆ ಪಾತ್ರ ಕೂತಿದೆ. ಹೊಸದಕ್ಕೆ ಇದನ್ನೆಲ್ಲ ಸೊನ್ನೆಯಿಂದ ಕಟ್ಟಬೇಕು, ಮಕ್ಕಳು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಚಾನೆಲ್ಲಿನವರು ಹಳೆಯದನ್ನು ಬಿಡದಿರುವುದಕ್ಕೆ ದುರಾಸೆಯೊಂದೇ ಕಾರಣ ಅನ್ನಲಾಗದು.

ನಿಲ್ಲಿಸುವುದೇ ಆದರೆ ಹೇಗೆ? ಅಮೆರಿಕದ ‘ಆರ್ಥರ್’ ಒಳ್ಳೆಯ ಮಾದರಿ. ಮೂರನೇ ಕ್ಲಾಸಿನ ಹುಡುಗನ ಕಥೆ, 1996ರ ಅಕ್ಟೋಬರಿನಿಂದ 2022ರ ಫೆಬ್ರವರಿವರೆಗೆ 25 ಸೀಸನ್. ಅಲ್ಲಿ ನಿಜವಾದ ಹುಡುಗರೇ ಕಂಠದಾನ ಮಾಡುತ್ತಿದ್ದರಿಂದ ದನಿ ಒಡೆದಂತೆಲ್ಲ ಹೊಸ ಆರ್ಥರ್ ಬರುತ್ತಿದ್ದ. ಕೊನೇ ಕಂತು ಇಪ್ಪತ್ತು ವರ್ಷ ಮುಂದಕ್ಕೆ ಹಾರಿ ಎಲ್ಲರೂ ಏನಾದರು ಎಂದು ತೋರಿಸುತ್ತದೆ: ಆರ್ಥರ್ ಚಿತ್ರಗಳಲ್ಲಿ ಕಥೆ ಹೇಳುವ ಗ್ರಾಫಿಕ್ ಕಾದಂಬರಿಕಾರ, ಗೆಳೆಯ ಬಸ್ಟರ್ ಮೇಷ್ಟ್ರು, ತಂಗಿ ಪೊಲೀಸ್. ಯಾರನ್ನೂ ಸಾಯಿಸಲಿಲ್ಲ, ಎಲ್ಲ ಕನಸು ಅನ್ನಲಿಲ್ಲ. ಕನಸು ಎಂದುಬಿಟ್ಟರೆ ಮಗು ಅಷ್ಟು ದಿನ ನಂಬಿದ್ದೆಲ್ಲ ಕಸ. ನಾಯಕ ಸತ್ತರೆ ಮರುದಿನದ ಮರುಪ್ರಸಾರವನ್ನು ಪುಟ್ಟ ಮಗು ಹೇಗೆ ನೋಡಬೇಕು? 1966ರ ಡಿಸೆಂಬರ್ 31ರಂದು 193ನೇ ಕಂತಿನಲ್ಲಿ ಜಪಾನಿ ಕಾರ್ಟೂನಿನ ರೋಬೋ ಹುಡುಗ ‘ಆಸ್ಟ್ರೊ ಬಾಯ್’ ಭೂಮಿಯನ್ನು ಉಳಿಸಲು ಸೂರ್ಯನತ್ತ ಹಾರಿಹೋದ. ಧೀರ ಮುಕ್ತಾಯವೇ, ಆದರೆ ಐದು ವರ್ಷದವರಿಗೆ ನಾನು ಅದನ್ನು ಹೇಳಲಾರೆ.

ಭಾರತದ ಚಾನೆಲ್ಲುಗಳಲ್ಲಿ ಇನ್ನೊಂದು ಅಡ್ಡಿ ಇದೆ. ಇಲ್ಲಿ ಕಂತುಗಳು ಕ್ರಮವಾಗಿ ಬರುವುದೇ ಅಪರೂಪ, ಹೊಸದು ಹಳೆಯದು ಕಲಸಿ ದಿನಕ್ಕೆ ಹಲವು ಸಲ ಹಾಕುತ್ತಾರೆ. ವಿದಾಯದ ಕಂತು ಮಂಗಳವಾರ ಮಧ್ಯಾಹ್ನ ಎಲ್ಲೋ ಬಂದು ಹೋದರೆ ಯಾರಿಗೂ ಅದು ವಿದಾಯವಲ್ಲ. 2008ರಿಂದ ಬರುತ್ತಿರುವ ‘ಛೋಟಾ ಭೀಮ್’ಗೆ ನಾಳೆ ಮುಕ್ತಾಯ ಬರೆದರೂ ಇದೇ ಗತಿ. ಮೊದಲು ಕೊನೆಯ ಹತ್ತು ಕಂತುಗಳನ್ನಾದರೂ ಸಾಲಾಗಿ ಹಾಕಬೇಕು, ತಿಂಗಳ ಮುಂಚೆ ಹೇಳಬೇಕು, ಆ ವಾರವಾದರೂ ಮರುಪ್ರಸಾರ ತಡೆಯಬೇಕು.

ಮನೆಯಲ್ಲಿ ಇದನ್ನು ನಾವೇ ಮಾಡಬಹುದು. ಮಗುವಿಗೆ ಡೋರೇಮಾನ್ ಸಾಕಾಗುತ್ತಿದೆ ಅನ್ನಿಸಿದಾಗ, ಸಾಮಾನ್ಯವಾಗಿ ಒಂಬತ್ತು-ಹತ್ತರ ವಯಸ್ಸಿಗೆ, ಮೊದಲು ಮದುವೆಯ ಹಿಂದಿನ ದಿನದ ಕಥೆ ತೋರಿಸಿ, ಆಮೇಲೆ 1974ರ ವಿದಾಯ. ಎರಡೂ 2014ರ ‘ಸ್ಟ್ಯಾಂಡ್ ಬೈ ಮಿ ಡೋರೇಮಾನ್’ ಸಿನಿಮಾದಲ್ಲಿ ಸೇರಿವೆ. ಆ ಸಿನಿಮಾದಲ್ಲಿ ಮರಳಿ ಬರುವ ಕಥೆಯೂ ಬೆನ್ನಿಗೇ ಬರುತ್ತದೆ. ಪುಸ್ತಕ ಸಿಕ್ಕರೆ ಆರನೇ ಸಂಪುಟ ಮುಗಿಸಿದ ಮೇಲೆ ಏಳನೆಯದನ್ನು ಒಂದು ತಿಂಗಳು ತಡೆದು ಕೊಡಿ. 1974ರ ಮಕ್ಕಳು ಕಾದದ್ದೂ ಅಷ್ಟೇ.