ಹತ್ತೊಂಬತ್ತನೇ ಸೆಕೆಂಡು

ಸೋಮವಾರದ ಸಂಗೀತ ಚಿಕಿತ್ಸೆಯ ವಿಡಿಯೋವನ್ನು ಈ ವಾರ ಎಷ್ಟು ಸಲ ಹಿಂದಕ್ಕೋಡಿಸಿ ನೋಡಿದ್ದಾಯಿತೋ ಲೆಕ್ಕವಿಲ್ಲ. ಪ್ರತಿ ಸಲವೂ 19ನೇ ಸೆಕೆಂಡಿಗೆ ಬಂದಾಗ ಹೊಟ್ಟೆಯಲ್ಲಿ ಅದೇ ಸಂಕಟ.

22ರ ಹುಡುಗ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಹಾನಿಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ; ಜೊತೆಗೆ ಅಪಸ್ಮಾರ. ಮಾತಿಲ್ಲ, ದೃಷ್ಟಿ ಮಂದ. ಗಾಲಿಕುರ್ಚಿಯ ಮುಂದೆ, ಎದೆಯ ನಡುಮಧ್ಯಕ್ಕೆ, ಅಗಲವಾದ ಚರ್ಮದ ಡ್ರಮ್. ಚಿಕಿತ್ಸಕಿ ಎಂದಿನ ಸ್ವಾಗತದ ಹಾಡನ್ನು ಹಾಡಿ, ಕೊನೆಯ ಸಾಲನ್ನು ನಿಷಾದದ ಮೇಲೆ ನಿಲ್ಲಿಸುತ್ತಾಳೆ. ಹಾಡು ಬಂದು ನೆಲೆಸಬೇಕಾದ ಸ್ವರ, ಷಡ್ಜ, ಬಾಕಿ. ಕೈ ಗಿಟಾರಿನಿಂದ ಮೇಲೆದ್ದಿದೆ. ಮೌನ ಶುರುವಾದ 11ನೇ ಸೆಕೆಂಡಿಗೆ ಹುಡುಗ ಉಸಿರು ಬಿಗಿ ಹಿಡಿಯುತ್ತಾನೆ. 15ಕ್ಕೆ ಕಣ್ಣು ಡ್ರಮ್ಮಿನತ್ತ. 18ಕ್ಕೆ ಬಿಗಿದ ಬಲಮುಷ್ಟಿಯೊಳಗಿಂದ ಹೆಬ್ಬೆರಳು ಈಚೆ ಬರುತ್ತದೆ.

19ಕ್ಕೆ ಪಕ್ಕದಲ್ಲಿದ್ದ ಆರೈಕೆಯಾಕೆ, “ಪಾಪ, ಅವನ ಕೈಲಿ ಆಗಲ್ಲ ಮೇಡಂ, ನಾನೇ ಹೊಡಿಸ್ತೀನಿ” ಎಂದು ಮಣಿಕಟ್ಟು ಹಿಡಿದು ಬಾರಿಸಿಬಿಟ್ಟಳು. ಎಲ್ಲರೂ ಚಪ್ಪಾಳೆ. ಆ ಸದ್ದಿಗೆ ಹುಡುಗ ಬೆಚ್ಚಿ ಎರಡೂ ತೋಳು ಚೆಲ್ಲಿ, ಬೆನ್ನು ಸೆಟೆಸಿ, ಬಾಯಿ ತೆರೆದ. ಅದನ್ನು ನಗು ಅಂದುಕೊಂಡರು. ವರದಿಯಲ್ಲಿ “ಡ್ರಮ್ ಬಾರಿಸಿದ, ಖುಷಿಪಟ್ಟ” ಎಂದಿದೆ.

ಆಕೆಯನ್ನು ದೂರಲು ಮನಸ್ಸು ಬಾರದು. ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಎಲ್ಲವನ್ನೂ ಅವನ ಪರವಾಗಿ ಮಾಡಿ ಮಾಡಿ ಪಳಗಿದ ಕೈ ಅದು. ಸುಮ್ಮನಿರುವುದೂ ಆರೈಕೆಯೇ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಬೇಕಾದವಳು ಚಿಕಿತ್ಸಕಿ. ಒಳ್ಳೆಯ ಕಂಠ, ತಾಳ್ಮೆಯೂ ಇದೆ, ಆದರೆ ಬಾಗಿಲು ಹಾಕುವ ಮುಂಚೆ ಎರಡು ನಿಮಿಷ ಕೂತು ಮಾತಾಡಲಿಲ್ಲ. ವರದಿಯ ಆ ಸಾಲಂತೂ ಯಾವ ನೆಪಕ್ಕೂ ಕ್ಷಮೆಗೆ ಅರ್ಹವಲ್ಲ.

ಏಕೆಂದರೆ ಇಂಥವರೊಡನೆ ನಡೆಯುವ ಕೆಲಸದ ಅರ್ಧ ಭಾಗ ಆ ಮೌನದಲ್ಲೇ ಇರುತ್ತದೆ. ಸದ್ದು ಕೇಳಿ, ಅದು ತನಗೇ ಎಂದು ತಿಳಿದು, ಕೈಗೆ ಆಜ್ಞೆ ಹೋಗಿ, ಬಿಗಿದ ಸ್ನಾಯು ಸಡಿಲಾಗಬೇಕು. ಕೆಲವರಿಗೆ 10 ಸೆಕೆಂಡು ಸಾಕು, ಕೆಲವರಿಗೆ 30 ಬೇಕು. ನಡುವೆ “ಹೊಡಿ, ಹೊಡಿ” ಅಂದರೆ ಎಣಿಕೆ ಮತ್ತೆ ಒಂದರಿಂದ. ಮೌನಕ್ಕೆ ಹೆದರಿ ತಂತಿ ಮೀಟುತ್ತಿದ್ದರೂ ಅಷ್ಟೇ, ಸರದಿ ತನ್ನದೆಂದು ಅವನಿಗೆ ತಿಳಿಯುವುದೇ ಇಲ್ಲ. ಬಿಡುವ ಸ್ವರವೂ ಮುಖ್ಯ. ಪಂಚಮದ ಮೇಲೆ ನಿಲ್ಲಿಸಿದರೆ ಕಿವಿ ಹೇಗೋ ಒಪ್ಪಿಕೊಂಡುಬಿಡುತ್ತದೆ; ನಿಷಾದ ಒಪ್ಪಲು ಬಿಡದು. ಅದೂ ವಾರಗಟ್ಟಲೆ ಅದೇ ಹಾಡು, ಅದೇ ಶ್ರುತಿಯಲ್ಲಿ ಕೇಳಿದ್ದರೆ ಮಾತ್ರ. ಹೊಸ ಹಾಡಿನಲ್ಲಿ ಖಾಲಿ ಬಿಟ್ಟ ಜಾಗ ಬರೀ ಖಾಲಿ ಜಾಗ.

ಡ್ರಮ್ ನಡುಮಧ್ಯದಲ್ಲಿ ಇದ್ದದ್ದು ಸರಿ. ತಲೆ ಒಂದು ಬದಿಗೆ ತಿರುಗಿದರೆ ಆ ಬದಿಯ ಕೈ ಚಾಚಿಕೊಂಡು ಇನ್ನೊಂದು ಮಡಚಿಕೊಳ್ಳುವ ಪ್ರತಿಕ್ರಿಯೆ ಹಸುಗೂಸುಗಳಲ್ಲಿ 6 ತಿಂಗಳ ಹೊತ್ತಿಗೆ ಮರೆಯಾಗುತ್ತದೆ. ಸೆರೆಬ್ರಲ್ ಪಾಲ್ಸಿಯ ಹಲವರಲ್ಲಿ ಉಳಿದುಬಿಡುತ್ತದೆ. ವಾದ್ಯ ಪಕ್ಕಕ್ಕಿದ್ದರೆ ಅದನ್ನು ನೋಡುವುದೇ ಕೈಯನ್ನು ಕಟ್ಟಿಹಾಕುತ್ತದೆ. ಪಾದಗಳು ಮಾತ್ರ ಗಾಳಿಯಲ್ಲಿ ತೂಗುತ್ತಿದ್ದವು. ಪಾದಕ್ಕೆ ಆಸರೆಯಿಲ್ಲದಿದ್ದರೆ ಸೊಂಟ ಜಾರುತ್ತದೆ, ಸೊಂಟ ಜಾರಿದರೆ ಭುಜ ಬಿಗಿಯುತ್ತದೆ, ಬೆರಳಿನ ತನಕ ಏನೂ ತಲುಪದು. ಗೆಜ್ಜೆ, ಗಾಳಿಗಂಟೆ ಕೊಡದಿದ್ದದ್ದೂ ಒಳ್ಳೆಯದಾಯಿತು. ಸೆಳೆತಕ್ಕೂ ಅವು ಝಲ್ ಎನ್ನುತ್ತವೆ, ಇಚ್ಛೆ ಯಾವುದು ಸೆಳೆತ ಯಾವುದು ತಿಳಿಯುವುದಿಲ್ಲ. ಒಮ್ಮೆ ಆದದ್ದು ಆಕಸ್ಮಿಕವಿರಬಹುದು. ಹಾಡಿನ ಅದೇ ತಾವಿನಲ್ಲಿ ಮೂರು ಸಲ ಆದರೆ ಅದನ್ನು ಉತ್ತರವೆಂದೇ ಹಿಡಿಯಬೇಕು.

ಸಂಗೀತ ಚಿಕಿತ್ಸೆಗೆ ದಾರಿ ಹಾಕಿಕೊಟ್ಟ ಪಾಲ್ ನಾರ್ಡಾಫ್ ಮತ್ತು ಕ್ಲೈವ್ ರಾಬಿನ್ಸ್ 1959ರಲ್ಲಿ ಇಂಗ್ಲೆಂಡಿನಲ್ಲಿ ಮಕ್ಕಳೊಡನೆ ಕೆಲಸ ಶುರುಮಾಡಿದಾಗ ಸೆಷನ್ನುಗಳನ್ನು ಟೇಪಿಗೆ ಇಳಿಸಿ, ಆಮೇಲೆ ಕೂತು ಕೇಳಿ ಟಿಪ್ಪಣಿ ಮಾಡುತ್ತಿದ್ದರು. ನುಡಿಸುವಾಗ ತಪ್ಪಿಹೋದದ್ದು ಕೇಳುವಾಗ ಸಿಗುತ್ತದೆ. ನಮಗೆ ಸಿಕ್ಕಿದ್ದು ಒಂದು ಹೆಬ್ಬೆರಳು. ವರದಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ತಾನು ಹೊಡೆಯದ ಏಟಿಗೆ ಚಪ್ಪಾಳೆ ಗಿಟ್ಟಿಸಿದ ಮನುಷ್ಯ ಮುಂದಿನ ಸಲ ಬೆರಳೆತ್ತುವ ಕಷ್ಟ ಯಾಕೆ ಪಡಬೇಕು? ಎಷ್ಟೋ ಜನರ ಕಡತಗಳಲ್ಲಿ “ಸ್ಪಂದನೆ ಇಲ್ಲ” ಎಂದು ವರ್ಷಗಟ್ಟಲೆ ಬರೆದದ್ದಿದೆ. ಅವುಗಳ ಹಿಂದೆ ಇಂಥ ಎಷ್ಟು 18ನೇ ಸೆಕೆಂಡುಗಳು ಬಿದ್ದಿವೆಯೋ.

ಗುರುವಾರ ಪಾದದ ಹಲಗೆ ಏರಿಸಿದರು. ಡ್ರಮ್ಮಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಕೆಲಸ ಆರೈಕೆಯಾಕೆಗೇ ಕೊಟ್ಟರು. ಕೈಗೆ ಕೆಲಸವಿದ್ದರೆ ಆತುರ ಪಡದು, ಚರ್ಮದ ಕಂಪನ ಮೊದಲು ತಲುಪುವುದೂ ಅವಳಿಗೇ. ಚಪ್ಪಾಳೆ ಬೇಡವೆಂದರು. ಹಾಡಿನ ನಡೆಯನ್ನು ಅವನ ಉಸಿರಿಗೆ ಹೊಂದಿಸಿ ಇಳಿಸಿದರು, ಒಂದು ಸಾಲಿಗೆ ಒಂದು ಉಸಿರು. ನಿಷಾದ. ಮೌನ. 20 ದಾಟಿತು. 26ಕ್ಕೆ ಚರ್ಮದ ಮೇಲೆ ಉಗುರು ಗೀರಿದ ಸದ್ದು, ಅಕ್ಕಿಯ ಮೇಲೆ ಬೆರಳಾಡಿಸಿದಷ್ಟು. ಚಿಕಿತ್ಸಕಿ ಷಡ್ಜವನ್ನು ಮೆಲ್ಲಗೆ ಹಾಡಿ, ಗಿಟಾರಿನ ಮರದ ಮೇಲೆ ತನ್ನ ಉಗುರಿನಿಂದ ಹಾಗೇ ಗೀರಿದಳು. ಇನ್ನೊಂದು ಗೀರು ಬಂತು.

“ಗೊತ್ತಾಯ್ತು ಮೇಡಂ, ಅಂಗೈಗೇ ಬಂತು” ಎಂದಳು ಆರೈಕೆಯಾಕೆ. ಆಮೇಲೆ, “ಪುಸ್ತಕದಲ್ಲಿ ಏನಂತ ಬರೀಲಿ?”

“ಬಲಗೈ, ಉಗುರು, 26 ಸೆಕೆಂಡು. ಎರಡು ಸಲ.”